ಮಾಜಿ ಪ್ರೆಸಿಡೆಂಟರ ಸ್ಮಾರಕ

ನಮ್ಮ ಜಿಲ್ಲೆಯಲ್ಲಿ ಒಬ್ಬ ಮನುಷ್ಯ ಒಮ್ಮೆ ಪಂಚಾಯತ್ ಪ್ರೆಸಿಡೆಂಟ್ ಆದನೆಂದರೆ ಆಯಿತು, ಜೀವಮಾನವಿಡೀ ಅವನು ಪ್ರೆಸಿಡೆಂಟೇ. ಸರಕಾರದ ಕಾಗದದಲ್ಲಿ ಆ ಹುದ್ದೆಗೆ ಅಧ್ಯಕ್ಷ ಎಂದು ಹೆಸರು. ಆದರೆ ಮದ್ರಾಸಿನವರು ಆಳುತ್ತಿದ್ದ ಕಾಲದಿಂದಲೂ ನಮ್ಮ ಬಾಯಿಗೆ ಹತ್ತಿದ ಮಾತು ಪ್ರೆಸಿಡೆಂಟ್. ದೆಹಲಿಯಲ್ಲಿ ಇರುವವರು ರಾಷ್ಟ್ರಪತಿ, ಊರಿನಲ್ಲಿ ಇರುವವರು ಪ್ರೆಸಿಡೆಂಟ್ ಎಂದು ನಾವು ಯಾವತ್ತೋ ಹೆಸರು ಹಂಚಿ ಮುಗಿಸಿದ್ದೇವೆ. ಈ ವ್ಯವಸ್ಥೆಯಿಂದ ದೆಹಲಿಗೂ ತೊಂದರೆ ಆಗಿಲ್ಲ, ನಮಗೂ ಆಗಿಲ್ಲ. ಆದದ್ದು ಪೆಲತ್ತಕಟ್ಟೆಯ ಜಯರಾಜರಿಗೆ ಮಾತ್ರ.

ಬೆಳ್ತಂಗಡಿಯಿಂದ ಮೂಡುಬಿದಿರೆಗೆ ಹೋಗುವ ದಾರಿಯಲ್ಲಿ ಅಳದಂಗಡಿ ದಾಟಿ ವೇಣೂರು ಮುಟ್ಟುವ ಮೊದಲು ಈ ಪೆಲತ್ತಕಟ್ಟೆ ಸಿಗುತ್ತದೆ. ಹೆಸರಿಗೆ ಹಲಸಿನ ಮರದ ಕಟ್ಟೆ. ಈಗ ಹಲಸಿನ ಮರವೂ ಇಲ್ಲ, ಕಟ್ಟೆಯೂ ಇಲ್ಲ. ರಸ್ತೆಯ ಈಚೆ ಹಸನಬ್ಬನ ಅಂಗಡಿ, ಆಚೆ ಬಸ್ ಸ್ಟ್ಯಾಂಡು, ಇಷ್ಟೇ ಪೇಟೆ. ಜಯರಾಜರ ಹಿರಿಯರು ಒಂದು ಕಾಲದಲ್ಲಿ ನಾಲ್ಕೂರಿಗೆ ಒಡೆಯರಾಗಿದ್ದ ಜೈನ ಮನೆತನದವರು. ಭೂಸುಧಾರಣೆ ಬಂದು ಹೋದ ಮೇಲೆ ಆ ಮನೆಯಲ್ಲಿ ಉಳಿದದ್ದು ಒಂದಿಷ್ಟು ಗದ್ದೆ ಮತ್ತು ಒಂದಿಷ್ಟು ಗತ್ತು. ಗದ್ದೆಯನ್ನು ಹೆಂಡತಿ ತ್ರಿಶಲಾ ನೋಡಿಕೊಳ್ಳುತ್ತಿದ್ದರು. ಗತ್ತನ್ನು ಜಯರಾಜರು ನೋಡಿಕೊಳ್ಳುತ್ತಿದ್ದರು.

ತೊಂಬತ್ತನಾಲ್ಕರಲ್ಲಿ ಹೊಸ ಗ್ರಾಮ ಪಂಚಾಯತ್ ಆದಾಗ ಇಬ್ಬರು ಘಟಾನುಘಟಿಗಳು ಪ್ರೆಸಿಡೆಂಟ್ ಪದವಿಗೆ ಗುದ್ದಾಡಿದರು. ತನಗೆ ಸಿಗದಿದ್ದರೆ ಅವನಿಗೂ ಸಿಗಬಾರದು ಎಂಬ ಒಂದೇ ವಿಷಯದಲ್ಲಿ ಇಬ್ಬರಿಗೂ ಒಮ್ಮತ ಮೂಡಿ, ಯಾರ ಸುದ್ದಿಗೂ ಹೋಗದ ಜಯರಾಜರನ್ನು ತಂದು ಕುರ್ಚಿಯಲ್ಲಿ ಕೂರಿಸಿದರು. ಅವರು ಎರಡೂವರೆ ವರ್ಷ ಅಲ್ಲಿ ಕೂತರು. ಅಷ್ಟರಲ್ಲಿ ಊರಿಗೆ ಒಂದಷ್ಟು ನಳ್ಳಿ ನೀರು ಬಂತು, ಒಂದು ಬಸ್ ಸ್ಟ್ಯಾಂಡು ಬಂತು. ಬಸ್ ಸ್ಟ್ಯಾಂಡು ಕಟ್ಟುವಾಗ ಕಲ್ಲು ಸಾಲದೆ ಬಂದದ್ದಕ್ಕೆ ಜಯರಾಜರು ತಮ್ಮ ಮನೆಯ ಸುತ್ತಲಿನ ಹಳೆಯ ಪಾಗಾರದ ಗೋಡೆಯನ್ನೇ ಕಿತ್ತು ಮುರಕಲ್ಲು ಕೊಟ್ಟಿದ್ದರು. ಹಾಗಾಗಿ ಅದರ ಮೇಲೆ ತನ್ನ ಹೆಸರು ಇರಲಿ ಎಂದು ಅವರಿಗೆ ಅನಿಸಿದ್ದು ದೊಡ್ಡ ಅಪರಾಧವೇನೂ ಅಲ್ಲ.

ಕುರ್ಚಿಯಲ್ಲಿ ಇರುವವರು ತಮ್ಮ ಹೆಸರನ್ನು ತಾವೇ ಬರೆಸಬಾರದು ಎಂದು ಪಂಚಾಯತ್ ಸೆಕ್ರೆಟರಿ ಹೇಳಿದ. ಜಯರಾಜರು ಕಾನೂನಿಗೆ ತಲೆಬಾಗಿ ಅವಧಿ ಮುಗಿಯುವವರೆಗೆ ಕಾದರು. ಮುಗಿದ ಮರುದಿನ ಬೆಳಿಗ್ಗೆಯೇ ಬೋರ್ಡ್ ಬರೆಯುವ ನೋಣಯ್ಯನನ್ನು ಕರೆಸಿದರು. ಅವರ ಮನಸ್ಸಿನಲ್ಲಿ ಇದ್ದದ್ದು 'ಗ್ರಾಮ ಪಂಚಾಯತ್ ಮಾಜಿ ಪ್ರೆಸಿಡೆಂಟ್ ಶ್ರೀ ಜಯರಾಜರ ಸೇವಾವಧಿಯ ಸವಿನೆನಪಿಗಾಗಿ ನಿರ್ಮಿಸಲಾದ ಬಸ್ ತಂಗುದಾಣ' ಎಂಬ ವಾಕ್ಯ. ನೋಣಯ್ಯ ಹಲಗೆಯನ್ನು ಗೇಣಿನಲ್ಲಿ ಅಳೆದು ನೋಡಿ, ಇಷ್ಟೆಲ್ಲ ಹಿಡಿಯಬೇಕಾದರೆ ಬಸ್ ಸ್ಟ್ಯಾಂಡನ್ನು ಅಳದಂಗಡಿಯವರೆಗೆ ಉದ್ದ ಮಾಡಬೇಕಾದೀತು ಎಂದ. ಗ್ರಾಮ ಪಂಚಾಯತ್ ಎಂದು ಬರೆಯದಿದ್ದರೆ ಗೊತ್ತಾಗದವರು ಯಾರಿದ್ದಾರೆ ಎಂದು ಅದನ್ನು ತೆಗೆದ. ಬಸ್ಸು ನಿಲ್ಲುವುದು ಕಣ್ಣಿಗೇ ಕಾಣುವಾಗ ತಂಗುದಾಣ ಯಾಕೆ ಎಂದು ಅದನ್ನೂ ತೆಗೆದ. ಸವಿನೆನಪು, ನಿರ್ಮಾಣ ಎಲ್ಲ ಸೇರಿಸಿ ಮೂರಕ್ಷರದಲ್ಲಿ ಸ್ಮಾರಕ ಎಂದು ಮುಗಿಸಿದ. ಹೀಗೆ ಹಲಗೆಯಲ್ಲಿ ದಪ್ಪ ಅಕ್ಷರದಲ್ಲಿ 'ಮಾಜಿ ಪ್ರೆಸಿಡೆಂಟರ ಸ್ಮಾರಕ' ಎಂದೂ, ಕೆಳಗೆ ಉಳಿದ ಜಾಗದಲ್ಲಿ ಸಣ್ಣದಾಗಿ ಜಯರಾಜರ ಹೆಸರೂ ಬಂತು.

ತ್ರಿಶಲಾ ಬೋರ್ಡನ್ನು ನೋಡಿ, ಸ್ಮಾರಕ ಎಂಬುದು ತೀರಿಹೋದವರಿಗೆ ಮಾಡುವುದು ಎಂದರು. ಸ್ಮಾರಕ ಅಂದರೆ ನೆನಪು, ನೆನಪಿಗೆ ಸಾಯಬೇಕೆಂದು ಎಲ್ಲಿ ಉಂಟು ಎಂದು ಜಯರಾಜರು ಕೇಳಿದರು.

"ನೆನಪು ಮಾಡಬೇಕಾದರೆ ಮನುಷ್ಯ ಸ್ವಲ್ಪ ಹೊತ್ತಾದರೂ ಕಣ್ಣಿನಿಂದ ಮರೆಯಾಗಬೇಕು," ಎಂದರು ತ್ರಿಶಲಾ. "ನೀವು ದಿನಾ ದೋಸೆಯ ಎದುರು ಕೂತಿರ್ತೀರಿ. ನಮಗೆ ನೆನಪು ಮಾಡಲಿಕ್ಕೆ ಪುರುಸೊತ್ತು ಎಲ್ಲಿ ಉಂಟು?"

ಅಲ್ಲಿಗೆ ಆ ಚರ್ಚೆ ಮುಗಿಯಿತು, ಬೋರ್ಡು ಹಾಗೆಯೇ ಉಳಿಯಿತು. ಮುಂದಿನ ವರ್ಷಗಳಲ್ಲಿ ಯಕ್ಷಗಾನ ಮೇಳದವರು ಬೋರ್ಡಿನ ಕೆಳಗಿನ ಅರ್ಧಕ್ಕೆ ಒಂದರ ಮೇಲೊಂದು ಪೋಸ್ಟರ್ ಅಂಟಿಸಿ ಜಯರಾಜರ ಹೆಸರು ಗೋಂದಿನಡಿ ಸೇರಿತು. ಅವರು ಬೇಸರಪಡಲಿಲ್ಲ. ಪ್ರೆಸಿಡೆಂಟ್ ಎಂದ ಮೇಲೆ ಯಾರು ಎಂದು ಬೇರೆ ಬರೆಯಬೇಕೇ? ಬೆಳಗಿನ ದೋಸೆ ಮುಗಿಸಿ ಶಾಲು ಹೆಗಲಿಗೆ ಹಾಕಿಕೊಂಡು ಬಂದು ತನ್ನ ಸ್ಮಾರಕದ ಬೆಂಚಿನಲ್ಲಿ ತಾನೇ ಕೂರುವರು. ಬಸ್ಸು ಬಂದರೆ ಹತ್ತುವುದಿಲ್ಲ. ಹತ್ತುವವರೂ ಇಳಿಯುವವರೂ ಪ್ರೆಸಿಡೆಂಟ್ರೇ ಊಟ ಆಯಿತಾ, ಪ್ರೆಸಿಡೆಂಟ್ರೇ ಸೌಖ್ಯವಾ ಎಂದು ಕೇಳುವರು. ಮಧ್ಯಾಹ್ನದ ಹೊತ್ತಿಗೆ ಹೊಟ್ಟೆಗಿಂತ ಮೊದಲು ಮನಸ್ಸು ತುಂಬಿಕೊಂಡು ಮನೆಗೆ ಹೋಗುವರು. ಇದಕ್ಕಿಂತ ಸುಖವಾಗಿ ಬದುಕಿದ ಮಾಜಿಗಳು ದೇಶದಲ್ಲಿ ಕಡಿಮೆ.

ಎರಡು ಸಾವಿರದ ನಾಲ್ಕರಲ್ಲಿ ರಸ್ತೆ ಅಗಲ ಮಾಡುವವರು ಬಂದು ಬಸ್ ಸ್ಟ್ಯಾಂಡಿನ ಗೋಡೆಗೆ ಕೆಂಪು ಬಣ್ಣದಲ್ಲಿ ಒಂದು ದೊಡ್ಡ ಗುಣಾಕಾರ ಚಿಹ್ನೆ ಹಾಕಿದರು. ಮೊದಲಿಗೆ ಜಯರಾಜರು ಅದನ್ನು ಪೋಲಿಯೋ ಹನಿಯವರ ಗುರುತು ಎಂದುಕೊಂಡರು. ಕೆಡಹುವ ಗುರುತು ಎಂದು ಹಸನಬ್ಬ ಹೇಳಿದ ಮೇಲೆ ಬೆಳ್ತಂಗಡಿಗೆ ಹೋಗಿ ರಸ್ತೆ ಕೆಲಸದ ಕಚೇರಿಯ ಗುಮಾಸ್ತನ ಎದುರು ನಿಂತರು. ಗುಮಾಸ್ತ ತಲೆ ಎತ್ತಲಿಲ್ಲ. ದೇವಸ್ಥಾನ, ಮಸೀದಿ, ಬಸದಿ, ದೈವದ ಕಟ್ಟೆ ಆದರೆ ನೋಡಿಕೊಂಡು ಹೋಗುವ, ದೊಡ್ಡವರ ಸ್ಮಾರಕ ಆದರೂ ನೋಡುವ, ಬಸ್ ಸ್ಟ್ಯಾಂಡಿಗೆ ಎಂಥದ್ದು ಎಂದ. ಅದು ಸ್ಮಾರಕವೇ ಎಂದರು ಜಯರಾಜರು. ಯಾರದ್ದು ಎಂದು ಗುಮಾಸ್ತ ಕೇಳಿದ. ನನ್ನದು ಎಂದು ಹೇಳಲು ಬಾಯಿ ಬಾರದೆ ಜಯರಾಜರು ತಿರುಗಿ ಬಂದರು.

ಆ ದಿನದಿಂದ ಅವರು ಸಪ್ಪಗಾದರು. ನೀರುದೋಸೆ ಎಷ್ಟು ತಿಂದೆನೆಂದು ಲೆಕ್ಕ ಇಡದ ಮನುಷ್ಯ ಎರಡಕ್ಕೆ ಕೈ ತೊಳೆಯತೊಡಗಿದರು. ಬಸ್ ಸ್ಟ್ಯಾಂಡು ಹೋದರೆ ತಾನು ಕೂರುವುದೆಲ್ಲಿ, ಕೂರದಿದ್ದರೆ ಪ್ರೆಸಿಡೆಂಟ್ರೇ ಎಂದು ಕರೆಯುವವರು ಯಾರು, ಕರೆಯದಿದ್ದರೆ ತಾನು ಯಾರು, ಇದು ಅವರ ಚಿಂತೆ. ಹೆಂಡತಿಗೆ ಇದನ್ನು ಹೇಳಲಿಲ್ಲ. ಹೇಳದೆಯೂ ತ್ರಿಶಲಾಗೆ ಗೊತ್ತಿತ್ತು.

ಹೀಗಿರುವಾಗ ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ಧಾರವಾಡದ ಕಡೆಯ ಶಾಲಾ ಪ್ರವಾಸದ ಬಸ್ಸೊಂದು ಇಂಜಿನ್ ಕಾದು ಹಸನಬ್ಬನ ಅಂಗಡಿಯ ಎದುರು ನಿಂತಿತು. ಮಕ್ಕಳು ನೀರಿಗೆ, ಚಿಕ್ಕಿಗೆ ಮುಗಿಬಿದ್ದರು. ಜೊತೆಯಲ್ಲಿದ್ದ ಮಾಸ್ತರರು ಪೌರನೀತಿ ಕಲಿಸುವವರು, ಉತ್ಸಾಹದ ಮನುಷ್ಯ. ಇಲ್ಲಿ ಸುತ್ತಮುತ್ತ ನೋಡುವಂಥದ್ದು ಏನಿದೆ ಎಂದು ಹಸನಬ್ಬನನ್ನು ಕೇಳಿದರು.

ಹಸನಬ್ಬ ಮನೆಯಲ್ಲಿ ಬ್ಯಾರಿ, ಊರಿನಲ್ಲಿ ತುಳು ಆಡುವವನು. ಘಟ್ಟದ ಮೇಲಿನವರ ಎದುರು ಮಾತ್ರ ಪಾಠಪುಸ್ತಕದಿಂದ ಒಂದೊಂದೇ ಪದ ಹೆಕ್ಕಿ ಕನ್ನಡ ಮಾತಾಡುವನು. ವೇಣೂರಿನಲ್ಲಿ ಗೊಮ್ಮಟ ಉಂಟು, ಮೂಡುಬಿದಿರೆಯಲ್ಲಿ ಸಾವಿರ ಕಂಬದ ಬಸದಿ ಉಂಟು ಎಂದು ವಿವರಿಸಿದ.

"ಅವು ಗೊತ್ತದಾವ್ರಿ," ಎಂದರು ಮಾಸ್ತರರು. "ಎದುರಿಗೆ ಇದು ಏನ್ರಿ?"

"ಇದು ನಮ್ಮ ಮಾಜಿ ಪ್ರೆಸಿಡೆಂಟರ ಸ್ಮಾರಕ."

"ಪ್ರೆಸಿಡೆಂಟರದ್ದು? ಈ ಹಳ್ಳ್ಯಾಗ?"

"ಅವರು ಇದೇ ಊರಿನವರಲ್ಲವಾ?"

ಮಾಸ್ತರರ ಮೈ ಜುಮ್ಮೆಂದಿತು. ಇಷ್ಟು ವರ್ಷ ಪ್ರೆಸಿಡೆಂಟ್ ಅಂದರೆ ರಾಷ್ಟ್ರಪತಿ, ದೇಶದ ಪ್ರಥಮ ಪ್ರಜೆ ಎಂದು ಮಕ್ಕಳಿಗೆ ಬಾಯಿಪಾಠ ಮಾಡಿಸಿದವರು ಅವರು. ಸೀಟಿ ಊದಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಚಪ್ಪಲಿ ಬಿಡಿಸಿ, ರಸ್ತೆ ದಾಟಿಸಿದರು. ಬಸ್ಸಿನ ಗಾಜಿಗೆ ಕಟ್ಟಿದ್ದ ಸೇವಂತಿಗೆ ಹಾರವನ್ನು ಬಿಚ್ಚಿ ತಂದರು.

ಒಳಗೆ ಜಯರಾಜರು ತೂಕಡಿಸುತ್ತಿದ್ದರು. ಕಣ್ಣು ಬಿಟ್ಟಾಗ ಎದುರಿಗೆ ಬರಿಗಾಲಿನ ಮಕ್ಕಳ ದೊಡ್ಡ ಸಾಲು, ಹಾರ ಹಿಡಿದ ಒಬ್ಬ ಮಾಸ್ತರು. ಇದು ಮಾಜಿ ಪ್ರೆಸಿಡೆಂಟರ ಜಾಗವೇ ಎಂದು ಮಾಸ್ತರರು ಕೇಳಿದರು. ಹೌದು ಎಂದು ಜಯರಾಜರು ಗಾಂಭೀರ್ಯದಿಂದ ಎದ್ದು ಶಾಲು ಸರಿಮಾಡಿಕೊಂಡು ಹಾರಕ್ಕೆ ಕುತ್ತಿಗೆ ಬಾಗಿಸಿದರು. ಮಾಸ್ತರರು ಆ ಬಾಗಿದ ಕುತ್ತಿಗೆಯ ಮೇಲಿನಿಂದ ಕೈ ಚಾಚಿ ಹಾರವನ್ನು ಬೋರ್ಡಿಗೆ ಹಾಕಿದರು. ಜಯರಾಜರಿಗೆ ಒಂದು ಕ್ಷಣ ಸಣ್ಣದಾಗಿ ಬೇಸರವಾಯಿತು. ಆಮೇಲೆ ಮಕ್ಕಳು ಜನಗಣಮನ ಹಾಡಿದಾಗ ಆ ಬೇಸರ ಹೋಗಿ ಕಣ್ಣಲ್ಲಿ ನೀರು ಬಂತು.

ಮನೆಗೆ ಹೋಗಿ ಹೆಂಡತಿಗೆ ಹೇಳಿದರು. ಘಟ್ಟದ ಮೇಲಿನವರಿಗೆ ಸಂಸ್ಕಾರ ಉಂಟು, ಒಬ್ಬ ಪಂಚಾಯತ್ ಪ್ರೆಸಿಡೆಂಟನಿಗೆ ಅಲ್ಲಿ ಇಷ್ಟು ಮರ್ಯಾದೆ ಕೊಡುತ್ತಾರೆ ಎಂದರೆ ನಮ್ಮವರು ಕಲಿಯಬೇಕು ಎಂದರು. ಜನಗಣಮನ ಹಾಡಿದ್ದನ್ನೂ ಹೇಳಿದರು.

"ಅದು ಕಾರ್ಯಕ್ರಮ ಮುಗಿಯಿತು ಅಂತ ಹೇಳಲಿಕ್ಕೆ ಹಾಡುವುದು," ಎಂದರು ತ್ರಿಶಲಾ.

ಆದರೆ ಕಾರ್ಯಕ್ರಮ ಶುರುವಾದದ್ದೇ ಅಲ್ಲಿಂದ. ಮಾಸ್ತರರು ಊರಿಗೆ ಹೋದವರು ಸುಮ್ಮನೆ ಕೂರದೆ ಅಲ್ಲಿನ ಪತ್ರಿಕೆಗೆ ಬರೆದರು. 'ಅನಾಥವಾದ ರಾಷ್ಟ್ರಪತಿ ಸ್ಮಾರಕ' ಎಂದು ತಲೆಬರಹ. ದೇಶದ ಅತ್ಯುನ್ನತ ಹುದ್ದೆಯಲ್ಲಿದ್ದ ಮಹನೀಯರ ಸ್ಮಾರಕದಲ್ಲಿ ಆಡಿನ ಹಿಕ್ಕೆ ಬಿದ್ದಿದೆ, ಗೋಡೆಗೆ ಕೆಡಹುವ ಗುರುತು ಹಾಕಲಾಗಿದೆ, ಇರುವ ಒಬ್ಬನೇ ವಯಸ್ಸಾದ ಕಾವಲುಗಾರ ಹಗಲೇ ನಿದ್ದೆ ಹೊಡೆಯುತ್ತಾನೆ ಎಂದು ಕಣ್ಣಾರೆ ಕಂಡದ್ದನ್ನೆಲ್ಲ ಬರೆದಿದ್ದರು. ಸುದ್ದಿ ಬೆಂಗಳೂರಿನ ಮೇಜಿನ ಮೇಲೆ ಬಿತ್ತು. ಬೆಂಗಳೂರಿನಿಂದ ಮಂಗಳೂರಿಗೆ, ಮಂಗಳೂರಿನಿಂದ ಬೆಳ್ತಂಗಡಿಗೆ ಫೋನಿನಲ್ಲಿ ಇಳಿಯಿತು. ಯಾವ ರಾಷ್ಟ್ರಪತಿ ಎಂದು ಮಾತ್ರ ಯಾರೂ ಯಾರನ್ನೂ ಕೇಳಲಿಲ್ಲ. ತನಗೊಬ್ಬನಿಗೇ ಗೊತ್ತಿಲ್ಲದಿದ್ದರೆ ಮರ್ಯಾದೆ ಹೋಗುತ್ತದೆ ಎಂದು ಪ್ರತಿಯೊಬ್ಬ ಅಧಿಕಾರಿಗೂ ಭಯ.

ಜೆಸಿಬಿ ಬಂದು ನಿಂತ ದಿನವೇ ಅದರ ಹಿಂದೆ ಜೀಪಿನಲ್ಲಿ ಇಂಜಿನಿಯರೂ ಓಡೋಡಿ ಬಂದ. ಅವನು ಬಸ್ ಸ್ಟ್ಯಾಂಡಿನ ಎದುರು ಬೂಟು ಬಿಚ್ಚಿದ್ದನ್ನು ಹಸನಬ್ಬ ತನ್ನ ಎರಡು ಕಣ್ಣಿನಿಂದ ನೋಡಿದ. ಅಂಗಡಿಗೆ ಬಂದು ಒಂದು ಸೋಡಾ ಕುಡಿದು ಇಂಜಿನಿಯರು ವಿಷಯ ಬಿಚ್ಚಿದ. ಇದು ರಾಷ್ಟ್ರೀಯ ಮಹತ್ವದ ಸ್ಮಾರಕ ಎಂದು ಮೇಲಿನಿಂದ ಬಂದಿದೆ, ಸೋಮವಾರ ಬೆಂಗಳೂರಿನಿಂದ ದೊಡ್ಡ ಅಧಿಕಾರಿ ನೋಡಲು ಬರುತ್ತಾರೆ, ಹೌದೆಂದು ಅವರು ಹೇಳಿದರೆ ರಸ್ತೆಯನ್ನೇ ಆಚೆ ತಿರುಗಿಸಬೇಕಾಗುತ್ತದೆ ಎಂದ. ಅವನು ಹೋದ ಮೇಲೆ ಹಸನಬ್ಬ ಅಂಗಡಿಯ ಬೆಂಚಿನಲ್ಲಿ ಕೂತು ಸಾವಧಾನವಾಗಿ ಆಲೋಚಿಸಿದ. ತಾನು ಮಾಸ್ತರರಿಗೆ ಹೇಳಿದ ಒಂದು ಮಾತು ಎಲ್ಲಿಗೆ ಹೋಗಿ ಮುಟ್ಟಿತು ಎಂದು ಅವನಿಗೆ ಆಗ ಅರ್ಥವಾಯಿತು.

ಆ ಸಂಜೆ ಅಂಗಡಿಯಲ್ಲಿ ಊರೇ ಸೇರಿತು. ಬಸ್ ಸ್ಟ್ಯಾಂಡು ಎಲ್ಲರಿಗೂ ಬೇಕಿತ್ತು. ಅದಿಲ್ಲದಿದ್ದರೆ ಮಳೆಗಾಲದಲ್ಲಿ ಶಾಲೆಯ ಮಕ್ಕಳು ಎಲ್ಲಿ ನಿಲ್ಲುವುದು, ಆಸ್ಪತ್ರೆಗೆ ಹೋಗುವ ಹೆಂಗಸರು ಎಲ್ಲಿ ಕೂರುವುದು? ಹಾಗೆಂದು ಸರಕಾರಕ್ಕೆ ಸುಳ್ಳು ಹೇಳಲು ಹಸನಬ್ಬ ಒಪ್ಪಲಿಲ್ಲ.

"ನಾನು ಹಜ್ಜಿಗೆ ಹೊರಟವ. ಸುಳ್ಳು ಬೇಡ," ಎಂದ. "ಕೇಳಿದ್ದಕ್ಕೆ ಸತ್ಯ ಹೇಳುವ. ಕೇಳದ್ದನ್ನು ಹೇಳುವುದು ಬೇಡ."

ಮಾಜಿ ಪ್ರೆಸಿಡೆಂಟರು ಇದ್ದದ್ದು ಸತ್ಯ, ಊರಿಗೆ ಸೇವೆ ಮಾಡಿದ್ದು ಸತ್ಯ, ಇದು ಅವರ ಸ್ಮಾರಕ ಎಂಬುದೂ ಸತ್ಯ. ಎಲ್ಲ ಸರಿಯಾಗಿ ಕೂತಿತು. ಒಂದೇ ಒಂದು ತೊಡಕು ಎಂದರೆ ಆ ಮಾಜಿ ಪ್ರೆಸಿಡೆಂಟರು ಅಲ್ಲೇ ಬೆಂಚಿನ ತುದಿಯಲ್ಲಿ ಕೂತು ಚಹಾ ಕುಡಿಯುತ್ತಿದ್ದರು. ಎಲ್ಲರೂ ಒಮ್ಮೆಗೇ ಅವರ ಕಡೆ ತಿರುಗಿದರು.

ಸೋಮವಾರದವರೆಗೆ ಯಾರೂ ಅವರನ್ನು ಪ್ರೆಸಿಡೆಂಟ್ ಎಂದು ಕರೆಯಬಾರದು, ಅಧಿಕಾರಿ ಬಂದಾಗ ಅವರು ಹೊರಗೆ ಕಾಣಿಸಿಕೊಳ್ಳಬಾರದು ಎಂದು ತೀರ್ಮಾನವಾಯಿತು. ಬಸ್ ಸ್ಟ್ಯಾಂಡು ಉಳಿಯಬೇಕಾದರೆ ನೀವು ಸ್ವಲ್ಪ ದಿನ ತೀರಿಕೊಂಡಿರಬೇಕು ಎಂದು ತ್ರಿಶಲಾ ಮನೆಯಲ್ಲಿ ಸರಳವಾಗಿ ವಿವರಿಸಿದರು. ಬೋರ್ಡು ಬರೆದ ದಿನವೇ ನಾನು ಇದನ್ನು ಹೇಳಿದ್ದೆ ಎಂಬುದನ್ನೂ ಸೇರಿಸಿದರು.

ಆ ದಿನಗಳನ್ನು ಜಯರಾಜರು ಹೇಗೆ ಕಳೆದರೋ ಅವರಿಗೇ ಗೊತ್ತು. ಜನ ಜಯರಾಜಣ್ಣ ಎಂದು ಕರೆದರೆ ಅವರು ತಿರುಗುತ್ತಲೇ ಇರಲಿಲ್ಲ, ಯಾರನ್ನೋ ಕರೆಯುತ್ತಿದ್ದಾರೆ ಎಂದು ತಾವೂ ಆಚೀಚೆ ನೋಡುವರು. ನೋಣಯ್ಯನಂತೂ ಎದುರು ಸಿಕ್ಕಿದಾಗ 'ಪ್ರೆ' ಎಂದು ಶುರು ಮಾಡಿ, ನಾಲಗೆ ಕಚ್ಚಿಕೊಂಡು, ಕೆಮ್ಮಿ, ಇವತ್ತು ಸೆಕೆ ಜಾಸ್ತಿ ಎಂದು ಮುಗಿಸಿದ. ಒಂದು ಕಡೆ ಬಸ್ ಸ್ಟ್ಯಾಂಡು, ಇನ್ನೊಂದು ಕಡೆ ಹೆಸರು. ಒಂದನ್ನು ಉಳಿಸಲು ಇನ್ನೊಂದನ್ನು ಬಿಡಬೇಕಾದ ಈ ಸಂಕಟ ಜಯರಾಜರಿಗೆ ನಿಜವಾಗಿಯೂ ತಡೆಯಲಾಗದ್ದಾಗಿತ್ತು. ಆದರೂ ಊರಿನ ಮಕ್ಕಳ ಮುಖ ನೋಡಿ ಒಪ್ಪಿದರು.

ಸೋಮವಾರ ಬೆಳಿಗ್ಗೆ ಆಡಿನ ಹಿಕ್ಕೆ ಗುಡಿಸಿ ಬಸ್ ಸ್ಟ್ಯಾಂಡಿಗೆ ಮಾವಿನೆಲೆ ಕಟ್ಟಿದರು. ಜಯರಾಜರನ್ನು ಹಸನಬ್ಬನ ಅಂಗಡಿಯ ಒಳಕೋಣೆಯಲ್ಲಿ ಕುಚ್ಚಲಕ್ಕಿ ಮೂಟೆಗಳ ಹಿಂದೆ ಕೂರಿಸಿದರು. ಬೆಂಗಳೂರಿನ ಅಧಿಕಾರಿ ಇಂಜಿನಿಯರನ ಜೊತೆ ಬಂದು ಇಳಿದರು. ದೊಡ್ಡ ದೇಹ, ಸಣ್ಣ ದನಿ, ಕೈಯಲ್ಲಿ ಗುಲಾಬಿ ಹಾರ. ಬೋರ್ಡಿಗೆ ಹಾರ ಹಾಕಿ, ಕಣ್ಣು ಮುಚ್ಚಿ ಮೌನ ಆಚರಿಸಿದರು. ಊರಿಗೆ ಊರೇ ಮೌನ ಆಚರಿಸಿತು. ಒಳಗೆ ಮೂಟೆಯ ಹಿಂದೆ ಜಯರಾಜರು ಕೂಡ ಎದ್ದು ನಿಂತು ತನ್ನ ಆತ್ಮಕ್ಕೆ ಶಾಂತಿ ಕೋರಿದರು.

ಯಾವ ರಾಷ್ಟ್ರಪತಿ ಎಂದು ನೇರವಾಗಿ ಕೇಳಲು ಅಧಿಕಾರಿಗೂ ಸಂಕೋಚ. ಹಾಗಾಗಿ ಸುತ್ತಿ ಬಳಸಿ ಬಂದರು. ಈ ಊರಲ್ಲಿ ಅವರನ್ನ ಕಣ್ಣಾರೆ ನೋಡಿದೋರು ಯಾರಾದ್ರೂ ಇದ್ದಾರಾ ಎಂದು ಕೇಳಿದರು. ಎಲ್ಲರೂ ಕೈ ಎತ್ತಿದರು.

ಮೊದಲು ಮಾತಾಡಿದ್ದು ಹಸನಬ್ಬನ ಹೆಂಡತಿ ಸಫಿಯಮ್ಮ. ಅವರ ಹಾಗೆ ಬಡವರ ಕಷ್ಟ ಕೇಳಿದವರು ಬೇರೆ ಇಲ್ಲ ಎಂದಳು. ನಮ್ಮ ಅಂಗಳಕ್ಕೆ ನಳ್ಳಿ ನೀರು ಬಂದದ್ದು ಅವರಿಂದ, ಪೈಪು ಹಾಕುವ ದಿನ ಆಳು ಸಾಲದೆ ಹೋದಾಗ ಒಂದು ತುದಿಯನ್ನು ಅವರೇ ಹಿಡಿದು ಕೆಸರಲ್ಲಿ ನಿಂತಿದ್ದರು ಎಂದಳು.

"ರಾಷ್ಟ್ರಪತಿಗಳು?" ಎಂದರು ಅಧಿಕಾರಿ. "ಪೈಪು ಹಿಡ್ಕೊಂಡು?"

"ಪಂಚೆ ಎತ್ತಿ ಕಟ್ಟಿ," ಎಂದಳು ಸಫಿಯಮ್ಮ.

ಅಧಿಕಾರಿ ಭಾವುಕರಾಗಿ ಕನ್ನಡಕ ಒರೆಸಿಕೊಂಡರು. ಮೂಟೆಯ ಹಿಂದೆ ಜಯರಾಜರು ಶಾಲಿನಲ್ಲಿ ಕಣ್ಣು ಒರೆಸಿಕೊಂಡರು. ತಾನು ಪೈಪು ಹಿಡಿದದ್ದು ಅವರಿಗೇ ಮರೆತುಹೋಗಿತ್ತು. ಇಷ್ಟು ವರ್ಷ ಅದನ್ನು ಒಬ್ಬರು ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು ಎಂದು ತಿಳಿದು ಅವರಿಗೆ ಆದ ಸಂತೋಷ ಯಾವ ಹಾರದಿಂದಲೂ ಆಗಿರಲಿಲ್ಲ. ಇದೇ ಸಾಕು, ಹೆಸರು ಹೋದರೆ ಹೋಗಲಿ ಎಂದು ಆ ಕ್ಷಣ ಅವರಿಗೆ ಮನಃಪೂರ್ವಕವಾಗಿ ಅನಿಸಿತು.

ಇಲ್ಲಿಗೆ ನಿಂತಿದ್ದರೆ ರಸ್ತೆ ಇವತ್ತಿಗೂ ಪೆಲತ್ತಕಟ್ಟೆಯಲ್ಲಿ ಸೊಟ್ಟಗಾಗಿ ಹೋಗುತ್ತಿತ್ತು. ಆದರೆ ಸತ್ಯ ಹೇಳಬೇಕೆಂದು ಊರಿಗೆ ಅಪ್ಪಣೆಯಾಗಿತ್ತಲ್ಲ. ಎದುರು ಹೇಳಲಾಗದೆ ಹೊಟ್ಟೆಯಲ್ಲಿ ಇಟ್ಟುಕೊಂಡ ಸತ್ಯಗಳು ಎಲ್ಲರ ಬಳಿಯೂ ಇದ್ದವು, ಮತ್ತು ಮನುಷ್ಯ ಹೇಗೂ ಸದ್ಯಕ್ಕೆ ತೀರಿಕೊಂಡಿದ್ದರು. ನೋಣಯ್ಯ ಮುಂದೆ ಬಂದ.

"ಅವರು ಜನ ಒಳ್ಳೆಯವರೇ," ಎಂದ. "ಮೀಟಿಂಗಲ್ಲಿ ನಿದ್ದೆ ಮಾಡ್ತಿದ್ದರು, ಅಷ್ಟೇ."

ಅಧಿಕಾರಿ ಗಾಬರಿಯಿಂದ ಇಂಜಿನಿಯರನ ಮುಖ ನೋಡಿದರು. ನೋಣಯ್ಯ ಹೇಳುತ್ತಲೇ ಹೋದ. ಅರ್ಜಿ ತಂದವರಿಗೆಲ್ಲ ನೋಡುವ, ನೋಡುವ ಎನ್ನುತ್ತಿದ್ದರು, ನೋಡಿದ್ದು ಕಡಿಮೆ ಎಂದ. ಮತ್ತೊಬ್ಬರು, ಅವರಿಗೆ ಸಿಟ್ಟು ಬರುತ್ತಿರಲಿಲ್ಲ, ಅದೇ ತೊಂದರೆ, ಸಿಟ್ಟು ಬರದವರಿಂದ ಕೆಲಸ ಆಗುವುದಿಲ್ಲ ಎಂದರು. ಹೆಂಗಸರ ನಡುವಿನಿಂದ ತ್ರಿಶಲಾ, ಅವರು ಹೇಳಿದ ಮಾತು ಕೇಳುತ್ತಿರಲಿಲ್ಲ ಎಂದು ಒಂದು ವಾಕ್ಯ ಸೇರಿಸಿದರು. ಯಾರ ಮಾತು, ಸಂಸತ್ತಿನದ್ದಾ ಎಂದು ಅಧಿಕಾರಿ ಕೇಳಿದರು. ಮನೆಯಲ್ಲಿ ಹೇಳಿದ್ದು ಎಂದರು ತ್ರಿಶಲಾ.

"ಎಲ್ಲಕ್ಕಿಂತ ದೊಡ್ಡದು ಆ ತೋಡಿನ ಸಂಕ," ಎಂದ ನೋಣಯ್ಯ. "ಮಳೆಗಾಲದಲ್ಲಿ ತೋಡು ದಾಟಲಿಕ್ಕೆ ಒಂದು ಕಾಲುಸಂಕ ಮಾಡಿ ಕೊಡ್ತೇನೆ ಅಂತ ಕಲ್ಲು ಹಾಕಿ, ತೆಂಗಿನಕಾಯಿ ಒಡೆದರು. ಸಂಕ ಬರ್ಲಿಲ್ಲ. ಆ ಕಲ್ಲಲ್ಲಿ ಈಗ ನನ್ನ ಹೆಂಡತಿ ಬಟ್ಟೆ ಒಗೆಯುತ್ತಾಳೆ. ಅವರಿಗೆ ಮನಸ್ಸಿರಲಿಲ್ಲ ಸಾರ್, ಮನಸ್ಸಿದ್ದರೆ ಆಗ್ತಿತ್ತು."

ಒಳಗೆ ಮೂಟೆ ಅಲುಗಾಡಿತು. ನಿದ್ದೆಯ ಮಾತನ್ನು ಜಯರಾಜರು ತಡೆದುಕೊಂಡಿದ್ದರು. ನೋಡುವ ಎಂಬುದನ್ನೂ ತಡೆದುಕೊಂಡಿದ್ದರು, ಹೆಂಡತಿಯದ್ದು ಅಭ್ಯಾಸವಾಗಿತ್ತು. ಆದರೆ ಆ ಸಂಕಕ್ಕಾಗಿ ಅವರು ಮಂಗಳೂರಿಗೆ ಅಲೆದು ಅಲೆದು ಚಪ್ಪಲಿ ಸವೆಸಿದ್ದರು. ಮನಸ್ಸಿರಲಿಲ್ಲ ಎಂದರೆ ಯಾವ ಸತ್ತ ಮನುಷ್ಯನೂ ಸುಮ್ಮನಿರಲಾರ. ಕುಚ್ಚಲಕ್ಕಿ ಮೂಟೆಯನ್ನು ಹಾರಿ, ಬಾಳೆಗೊನೆಗೆ ತಲೆ ಬಡಿದುಕೊಂಡು ಅವರು ಹೊರಗೆ ಬಂದರು.

"ಆ ಸಂಕಕ್ಕೆ ಮಂಜೂರಾತಿ ಆಗಿತ್ತು," ಎಂದರು. "ದುಡ್ಡು ಬಿಡುಗಡೆ ಆಗಲಿಲ್ಲ. ಅದರಲ್ಲಿ ನನ್ನ ತಪ್ಪು ಎಂಥದ್ದು ಉಂಟು?"

ಅಧಿಕಾರಿ ಬೆಚ್ಚಿಬಿದ್ದು ತಾವು ಯಾರು ಎಂದು ಕೇಳಿದರು. ಜಯರಾಜರು ಬಾಯಿ ತೆರೆಯುವ ಮೊದಲೇ, ಇಷ್ಟು ದಿನ ನಾಲಗೆ ಕಚ್ಚಿಕೊಂಡಿದ್ದ ಊರು ಒಂದೇ ಕೊರಳಿನಲ್ಲಿ ಹೇಳಿತು:

"ಪ್ರೆಸಿಡೆಂಟ್ರೇ, ನೀವು ಒಳಗೆ ಹೋಗಿ ಮಾರಾಯ್ರೇ."

ಮತ್ತೆ ಅಲ್ಲಿ ಇನ್ನೊಮ್ಮೆ ಮೌನ ಆಚರಿಸಲ್ಪಟ್ಟಿತು. ಅಧಿಕಾರಿ ಜಯರಾಜರನ್ನು ನೋಡಿದರು, ಬೋರ್ಡನ್ನು ನೋಡಿದರು, ತಾನು ಹಾಕಿದ ಹಾರವನ್ನು ನೋಡಿದರು.

"ತಾವು ಮಾಜಿ ಪ್ರೆಸಿಡೆಂಟ್?"

"ಹೌದು."

"ಭಾರತಕ್ಕೆ?"

"ಗ್ರಾಮ ಪಂಚಾಯತಿಗೆ," ಎಂದರು ಜಯರಾಜರು. "ಎರಡೂವರೆ ವರ್ಷ."

ಅಧಿಕಾರಿ ಬಸ್ ಸ್ಟ್ಯಾಂಡಿನ ಬೆಂಚಿನಲ್ಲಿ ಕುಸಿದು ಕೂತರು. ಆಮೇಲೆ ಅವರ ದೊಡ್ಡ ಹೊಟ್ಟೆ ಅಲುಗಾಡತೊಡಗಿತು. ಮೊದಲು ಇಂಜಿನಿಯರನಿಗೆ ಅಧಿಕಾರಿ ಅಳುತ್ತಿದ್ದಾರೆ ಎಂದು ಭಯವಾಯಿತು. ನಗುತ್ತಿದ್ದಾರೆ ಎಂದು ಗೊತ್ತಾದಾಗ ಇನ್ನೂ ಭಯವಾಯಿತು. ನಗು ನಿಂತ ಮೇಲೆ ಅವರು ಹಸನಬ್ಬನ ಅಂಗಡಿಯಲ್ಲಿ ಚಹಾ ಕುಡಿದು, ಗೋಳಿಬಜೆ ತಿಂದು, ಇಲ್ಲಿ ಪ್ರಾಚೀನವಾದದ್ದು ಏನೂ ಕಂಡುಬರಲಿಲ್ಲ ಎಂದು ಮೇಲೆ ತಿಳಿಸುತ್ತೇನೆ ಎಂದರು. ಗೋಡೆಯ ಕಲ್ಲು ತನ್ನ ಮುತ್ತಜ್ಜನ ಕಾಲದ್ದು ಎಂದು ಜಯರಾಜರು ಮೆಲ್ಲಗೆ ನೆನಪಿಸಿದರು. ಅಧಿಕಾರಿ ಹೊರಡುವಾಗ ಬೋರ್ಡಿನಿಂದ ಹಾರವನ್ನು ತೆಗೆದು ಈ ಸಲ ಸರಿಯಾದ ಕುತ್ತಿಗೆಗೆ ಹಾಕಿ ಹೋದರು.

ಮರುದಿನ ಜೆಸಿಬಿ ಬಸ್ ಸ್ಟ್ಯಾಂಡನ್ನು ಕೆಡಹಿತು. ಕಟ್ಟಲು ಒಂದು ಬೇಸಿಗೆ ಹಿಡಿದದ್ದನ್ನು ಕೆಡಹಲು ಒಂದು ಚಹಾ ಕುಡಿಯುವಷ್ಟು ಹೊತ್ತು ಸಾಕಾಯಿತು. ಜಯರಾಜರು ಅಂಗಡಿಯ ಜಗಲಿಯಲ್ಲಿ ನಿಂತು ನೋಡಿದರು. ಅವರಿಗೆ ದುಃಖವಾಯಿತು, ಅಡಗಿಸಲಿಲ್ಲ. ನೋಣಯ್ಯ ಹತ್ತಿರ ಬಂದು, ಸಂಕದ ವಿಷಯ ತನಗೆ ಗೊತ್ತಿರಲಿಲ್ಲ ಎಂದ. ಗೊತ್ತಿರಲಿಕ್ಕೆ ನಾನೂ ಹೇಳಿರಲಿಲ್ಲವಲ್ಲ ಎಂದರು ಜಯರಾಜರು. ಬೋರ್ಡನ್ನು ಮನೆಗೆ ಕೊಂಡುಹೋಗುವ ಎಂದರೆ ತ್ರಿಶಲಾ ಬಿಡಲಿಲ್ಲ. ಗಂಡ ಇರುವ ಮನೆಗೆ ಗಂಡನ ಸ್ಮಾರಕ ತರುವುದು ಯಾವ ಶಾಸ್ತ್ರ ಎಂದರು.

ಮುಂದಿನ ಮಳೆಗಾಲದ ಹೊತ್ತಿಗೆ ರಸ್ತೆ ಅಗಲವಾಗಿ, ಅದರಾಚೆ ತಗಡಿನ ಹೊಸ ಬಸ್ ಸ್ಟ್ಯಾಂಡು ಬಂತು. ಅನುದಾನ ಕೊಟ್ಟವರ ಹೆಸರು ಬಸ್ ಸ್ಟ್ಯಾಂಡಿಗಿಂತ ಉದ್ದವಾಗಿ ಅದರ ಮೇಲೆ ಕೂತಿತು. ಜಯರಾಜರು ಒಂದು ದಿನ ಅದರಲ್ಲಿ ಕೂತು ನೋಡಿದರು. ಬೆಂಚು ಕಬ್ಬಿಣದ್ದು, ಬಿಸಿಲಿಗೆ ಕಾಯುತ್ತಿತ್ತು. ಎದ್ದು ಬಂದರು.

ಆಮೇಲೆ ಒಂದು ದಿನ ತ್ರಿಶಲಾಗೆ ಹಲ್ಲು ನೋವೆಂದು ಇಬ್ಬರೂ ಬೆಳ್ತಂಗಡಿಗೆ ಹೋಗಿದ್ದರು. ವಾಪಸು ಬರುವಾಗ ಬಸ್ಸಿನಲ್ಲಿ ಕಂಡಕ್ಟರ್ ಹೊಸಬ, ಬಂಟ್ವಾಳದ ಕಡೆಯವನು. ಎರಡು ಪೆಲತ್ತಕಟ್ಟೆ ಎಂದರು ಜಯರಾಜರು. ಅಂಥ ಸ್ಟಾಪು ಈ ರೂಟಲ್ಲಿ ಇಲ್ಲ ಎಂದ ಅವನು. ಅಳದಂಗಡಿ ದಾಟಿ, ಇಳಿಜಾರು ಕಳೆದು, ಹಸನಬ್ಬನ ಅಂಗಡಿಯ ಎದುರು ಎಂದು ಜಯರಾಜರು ಬಿಡಿಸಿ ಹೇಳಿದರು.

"ಪ್ರೆಸಿಡೆಂಟ್ ಅಂತ ಹೇಳಿ ಮತ್ತೆ," ಎಂದು ಅವನು ಟಿಕೆಟು ಹರಿದು ಕೊಟ್ಟ.

ಜಯರಾಜರು ಟಿಕೆಟನ್ನು ಕೈಯಲ್ಲೇ ಹಿಡಿದುಕೊಂಡರು. ಸ್ವಲ್ಪ ದೂರ ಹೋದ ಮೇಲೆ ಆ ಸ್ಟಾಪಿಗೆ ಯಾಕೆ ಹಾಗೆ ಹೇಳುವುದು ಎಂದು ಕೇಳಿದರು.

"ನನಗೆ ಗೊತ್ತಿಲ್ಲ ಅಜ್ಜೆರೇ," ಎಂದ ಕಂಡಕ್ಟರ್. "ಮೊದಲಿನಿಂದಲೂ ಹಾಗೆಯೇ ಅಲ್ಲವಾ?"

ಜಯರಾಜರು ಕಿಟಕಿಯ ಹೊರಗೆ ನೋಡುತ್ತ ಕೂತರು. ಗಂಡನ ಮುಖ ನೋಡಬಾರದೆಂದು ತ್ರಿಶಲಾ ಎದುರಿನ ಸೀಟಿನ ಬೆನ್ನನ್ನು ನೋಡುತ್ತ ಕೂತರು. ಅಳದಂಗಡಿ ದಾಟಿತು, ಇಳಿಜಾರು ಕಳೆಯಿತು. ಕಂಡಕ್ಟರ್ ಬಾಗಿಲಿನ ಕಂಬಿಗೆ ಒರಗಿ, ಬಸ್ಸಿನ ಒಳಕ್ಕೆ ದೊಡ್ಡದಾಗಿ ಕೇಳಿದ:

"ಪ್ರೆಸಿಡೆಂಟ್ ಯಾರು? ಪ್ರೆಸಿಡೆಂಟ್?"

ಜಯರಾಜರು ಶಾಲು ಸರಿಮಾಡಿಕೊಂಡು ಎದ್ದು, "ನಾನು," ಎಂದರು.

ಹಿಂದಿನ ಸೀಟಿನಿಂದ ಸಂತೆಚೀಲ ಹಿಡಿದ ಇಬ್ಬರು ಹೆಂಗಸರೂ, ಕೊಡೆ ಮಡಚಿದ ಊರ ಶಾಲೆಯ ಒಬ್ಬ ಮಾಸ್ತರರೂ ನಾನು, ನಾನು ಎನ್ನುತ್ತ ಎದ್ದರು. ತ್ರಿಶಲಾ ನೋಯುವ ದವಡೆಯನ್ನು ಒಂದು ಕೈಯಲ್ಲಿ ಒತ್ತಿ ಹಿಡಿದು ಗಂಡನ ಹಿಂದೆ ಬಂದು ನಿಂತರು.

"ನಾನೂ," ಎಂದರು.